ಕಾಯಿಲೆಯ ಮಗುವನ್ನೆತ್ತಿಕೊಂಡು ಎಲ್ಲಿಗೆ ಹೋಗುವುದು?

(ಮಂಜೇಶ್ವರ ಭಾಗದ ಕಾರ್ಮಿಕ ಸಹೋದರರ ಮಾಸಿಕ ಕೂಟದಲ್ಲಿ ರೋಗಿ ಸಂದರ್ಶನ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಈ ತಿಂಗಳ ಕೂಟದಲ್ಲಿ ಕೂಲಿಯ ವಿಷಯ ಮಾತಾಡಬೇಕೆಂದು ಮೊದಲು ನಿಶ್ಚಯವಾಗಿತ್ತು. ಆದರೆ ಮಳೆಗಾಲ ಬಾಗಿಲಿಗೆ ಬಂದಿದೆ. ಮಳೆ ಹಿಡಿದ ಮೇಲೆ ನಮ್ಮ ಮನೆಗಳಲ್ಲಿ ಒಂದಲ್ಲ ಒಂದು ಮಗು ಮಲಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದುದರಿಂದ ಕೂಲಿಯ ಮಾತನ್ನು ಮುಂದಿನ ತಿಂಗಳಿಗೆ ಇಟ್ಟು, ಈ ದಿನ ಒಂದೇ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇವೆ. ಮಗುವಿಗೆ ಕಾಯಿಲೆ ಜೋರಾದಾಗ ಎಲ್ಲಿಗೆ ಹೋಗಬೇಕು?

ಇದನ್ನು ಹೇಳುವ ನಾವು ವೈದ್ಯರಲ್ಲ. ರೋಗಿಗಳಿದ್ದ ಮನೆಗೆ ಹೋಗಿ, ಕೂತು, ಪ್ರಾರ್ಥಿಸಿ, ಕೈಲಾದ ಸಹಾಯ ಮಾಡಿ ಬರುವ ಐದು ಮಂದಿ. ನಮ್ಮಲ್ಲಿ ಒಬ್ಬರು ಗಾರೆ ಕೆಲಸದವರು, ಇಬ್ಬರು ಬೀಡಿ ಕಟ್ಟುವವರು, ಒಬ್ಬರು ಅಂಗನವಾಡಿಯವರು, ಒಬ್ಬರು ದೋಣಿಗೆ ಹೋಗಿ ಈಗ ವಯಸ್ಸಾಗಿ ಮನೆಯಲ್ಲಿರುವವರು. ನಾವು ಉಪದೇಶ ಮಾಡಲು ನಿಂತಿಲ್ಲ. ನಮ್ಮಿಂದಾದ ಒಂದು ತಪ್ಪನ್ನು ಒಪ್ಪಿಕೊಳ್ಳಲು ನಿಂತಿದ್ದೇವೆ.

2018ರ ಜುಲೈ ತಿಂಗಳು. ಒಂದು ರಾತ್ರಿ ಎಂಟೂವರೆ ಗಂಟೆಗೆ ನಮ್ಮ ಕೂಟದ ಒಂದು ಮನೆಯಿಂದ ಕರೆ ಬಂತು. ತಾಯಿ ಬೀಡಿ ಕಟ್ಟುವವರು, ತಂದೆ ಕಲ್ಲಿನ ಕೋರೆಯಲ್ಲಿ ಕೆಲಸ. ಹದಿನಾಲ್ಕು ತಿಂಗಳ ಗಂಡು ಮಗು. ಮೂರು ದಿನದಿಂದ ಶೀತ, ಕೆಮ್ಮು, ಜ್ವರ. ಅಜ್ಜಿ ಸಾಂಬ್ರಾಣಿ ಸೊಪ್ಪಿನ ರಸ ಕೊಟ್ಟಿದ್ದರು. ತಂದೆ ಮೆಡಿಕಲ್ ಶಾಪಿನಿಂದ ಒಂದು ಸಿರಪ್ ತಂದಿದ್ದರು. ಆ ಸಂಜೆ ಮಗುವಿಗೆ ಉಸಿರು ಹೆಚ್ಚಾಗತೊಡಗಿತು.

ನಾವು ಐವರೂ ಹೋದೆವು. ಹೊರಗೆ ಮಳೆ. ಒಳಗೆ ಚರ್ಚೆ ಸುರುವಾಯಿತು.

"ಮಂಗಳೂರಿಗೇ ಹೋಗುವ. ಇಲ್ಲಿ ಎಂತ ಉಂಟು?" ಎಂದರು ಒಬ್ಬರು. "ಕಾಸರಗೋಡಿನ ಸರ್ಕಾರಿ ಆಸ್ಪತ್ರೆಗೆ ಹೋದರೆ ಕಾರ್ಡು ನಡೆಯುತ್ತದೆ" ಎಂದರು ಇನ್ನೊಬ್ಬರು. "ನಮ್ಮ ಪರಿಚಯದ ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೆ ಕ್ಲಿನಿಕ್ ತೆರೆಯುತ್ತಾರೆ, ಅಷ್ಟರವರೆಗೆ ನೋಡುವ" ಎಂದರು ಮೂರನೆಯವರು. "ರಾತ್ರಿ ಹೊತ್ತು, ಈ ಮಳೆ. ಮೊದಲು ಪ್ರಾರ್ಥನೆ ಮಾಡುವ" ಎಂದರು ನಾಲ್ಕನೆಯವರು. ಐದನೆಯವರು ಯಾವ ಗಾಡಿ ಸಿಕ್ಕೀತು, ಅಡ್ವಾನ್ಸ್ ಎಷ್ಟು ಕಟ್ಟಬೇಕಾದೀತು ಎಂದು ಲೆಕ್ಕ ಹಾಕುತ್ತಿದ್ದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದೆವು. ಆದರೆ ತಾಯಿಯನ್ನು ಯಾರೂ ಏನೂ ಕೇಳಲಿಲ್ಲ. ನಡುವೆ ಒಮ್ಮೆ ಅವರೇ, "ಇವ ಸಂಜೆಯಿಂದ ಹಾಲು ಕುಡಿಯಲಿಲ್ಲ" ಎಂದರು. ನಾವು ಕೇಳಿದೆವು; ಕೇಳಿಯೂ ಮಂಗಳೂರೋ ಕಾಸರಗೋಡೋ ಎಂಬ ಮಾತಿಗೇ ಮರಳಿದೆವು.

ಮನೆಯಿಂದ ಹೊರಟಾಗ ಹತ್ತೂಮುಕ್ಕಾಲು. ಕೊನೆಗೆ ಮಂಗಳೂರೇ ಎಂದು ತೀರ್ಮಾನವಾಗಿತ್ತು. ದಾರಿಯಲ್ಲಿ ಒಂದು ಸರ್ಕಾರಿ ಆಸ್ಪತ್ರೆಯ ದೀಪ ಉರಿಯುತ್ತಿತ್ತು. ಗಾಡಿಯ ಡ್ರೈವರ್ ವೇಗ ಕಡಿಮೆ ಮಾಡಿ, "ಇಲ್ಲಿ ಒಮ್ಮೆ ತೋರಿಸುವುದಾ?" ಎಂದು ಕೇಳಿದ. "ಬೇಡ, ಸುಮ್ಮನೆ ಹೊತ್ತು ಹಾಳು, ಹೇಗೂ ಮಂಗಳೂರಿಗೇ ಕಳಿಸುತ್ತಾರೆ" ಎಂದು ನಾವೇ ಹೇಳಿದೆವು. ಮಂಗಳೂರು ತಲುಪುವಾಗ ಮಗುವಿನ ತುಟಿ ನೀಲಿಯಾಗಿತ್ತು. ಅಲ್ಲಿಯ ಡಾಕ್ಟರು ಹೆಸರು ಕೇಳುವ ಮೊದಲೇ ಆಮ್ಲಜನಕ ಕೊಟ್ಟರು. ಆಮೇಲೆ ಕೇಳಿದರು: ಉಸಿರು ಯಾವಾಗಿನಿಂದ ಹೀಗೆ? ನಿಮಿಷಕ್ಕೆ ಎಷ್ಟು? ಕೊನೆಯ ಸಲ ಹಾಲು ಕುಡಿದದ್ದು ಯಾವಾಗ? ಕೊಟ್ಟ ಔಷಧ ಯಾವುದು? ನಮ್ಮ ಐವರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಔಷಧದ ಬಾಟಲಿ ಮನೆಯಲ್ಲೇ ಉಳಿದಿತ್ತು.

ದೇವರ ದಯೆಯಿಂದ ಮಗು ಬದುಕಿತು. ಒಂಬತ್ತು ದಿನ ಅಲ್ಲಿದ್ದು ಮನೆಗೆ ಬಂತು. ತಾಯಿಯ ಕರಿಮಣಿಯ ಸರ ಅಡವಿಗೆ ಹೋಯಿತು. ಒಂದು ತಿಂಗಳ ನಂತರ ನಾವು ಆ ಮನೆಗೆ ಕೃತಜ್ಞತಾ ಪ್ರಾರ್ಥನೆಗೆ ಹೋದೆವು. ಚಹಾ ಕೊಟ್ಟ ಮೇಲೆ ಆ ತಾಯಿ, ಸಿಟ್ಟಿಲ್ಲದೆ, ಇದ್ದ ಮಾತನ್ನು ಇದ್ದ ಹಾಗೆ ಹೇಳಿದರು: "ಬೇಸರ ಮಾಡಬೇಡಿ. ನೀವು ಬಂದದ್ದರಿಂದ ಧೈರ್ಯ ಬಂತು. ಆದರೆ ತಡವಾದದ್ದೂ ನೀವು ಬಂದ ಮೇಲೆಯೇ."

ಪ್ರಿಯರೇ, ಆ ಮಾತು ನಮ್ಮನ್ನು ಬಿಟ್ಟುಹೋಗಿಲ್ಲ. ಎರಡೂಕಾಲು ಗಂಟೆ ನಾವು ಆಸ್ಪತ್ರೆಗಳ ಹೆಸರು ಹೇಳುತ್ತ ಕೂತಿದ್ದೆವು, ಮಗುವಿನ ಕಡೆಗೆ ನೋಡಲಿಲ್ಲ. ಎಲ್ಲಿಗೆ ಹೋಗಬೇಕೆಂಬುದಕ್ಕೆ ಉತ್ತರ ಮಗುವಿನ ಮೈಯಲ್ಲಿಯೇ ಬರೆದಿತ್ತು. ಓದಲು ನಾವು ಕಲಿತಿರಲಿಲ್ಲ. ಆಮೇಲೆ ಕಲಿತೆವು. ಆರೋಗ್ಯ ಕೇಂದ್ರದ ನರ್ಸಮ್ಮನವರೂ ಆಶಾ ಕಾರ್ಯಕರ್ತೆಯರೂ ತಾಳ್ಮೆಯಿಂದ ಹೇಳಿಕೊಟ್ಟರು. ಅದನ್ನೇ ಈಗ ನಿಮಗೆ ಹೇಳುತ್ತೇವೆ.

ಮೊದಲನೆಯದು, ಉಸಿರು ಎಣಿಸುವುದು. ಮಗು ಅಳದೆ, ಹಾಲು ಕುಡಿಯದೆ, ಶಾಂತವಾಗಿ ಇರುವಾಗ ಅಂಗಿ ಎತ್ತಿ ಎದೆ ಹೊಟ್ಟೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಆದರೆ ಅದು ಬರಿಯ ಶೀತವಲ್ಲ, ಪುಪ್ಪುಸಕ್ಕೆ ತಗಲಿರಬಹುದು; ಆ ದಿನವೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನಾಲಿಗೆ ನೀಲಿಯಾದರೆ, ಆ ಗಳಿಗೆಯೇ ಹೊರಡಬೇಕು. ಎಣಿಸುವುದು ಕಷ್ಟವೆಂದು ಯಾರೂ ಹೇಳಬೇಡಿ. ಇಲ್ಲಿರುವ ನಮ್ಮ ಅಕ್ಕಂದಿರು ಮಾತಾಡುತ್ತ ಮಾತಾಡುತ್ತ ಇಪ್ಪತ್ತೈದು ಬೀಡಿ ಎಣಿಸಿ ಕಟ್ಟು ಕಟ್ಟುತ್ತಾರೆ, ಒಂದೂ ತಪ್ಪುವುದಿಲ್ಲ. ದಿನಕ್ಕೆ ನೂರಾರು ಬೀಡಿ ಎಣಿಸುವ ಕೈಗೆ ಮಗುವಿನ ಐವತ್ತು ಉಸಿರು ಎಣಿಸಲು ಬಾರದೇ?

ಎರಡನೆಯದು, ಅಪಾಯದ ನಾಲ್ಕು ಗುರುತುಗಳು. ಮಗು ಹಾಲನ್ನೋ ನೀರನ್ನೋ ಕುಡಿಯಲಾರದೆ ಹೋಗುವುದು. ಕೊಟ್ಟದ್ದೆಲ್ಲವನ್ನೂ ವಾಂತಿ ಮಾಡುವುದು. ಫಿಟ್ಸ್ ಬರುವುದು. ಎಬ್ಬಿಸಿದರೂ ಸರಿಯಾಗಿ ಏಳದೆ ಮಂಪರಿನಲ್ಲಿ ಬಿದ್ದಿರುವುದು. ಐದು ವರ್ಷದೊಳಗಿನ ಮಗುವಿನಲ್ಲಿ ಈ ನಾಲ್ಕರಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯುವ ಮಾತಿಲ್ಲ. ಎರಡು ತಿಂಗಳು ತುಂಬದ ಎಳೆಗೂಸಿಗಂತೂ ಜ್ವರ ಬಂದರೂ, ಮೈ ತಣ್ಣಗಾದರೂ, ಮೊಲೆ ಚೀಪುವುದು ಕಡಿಮೆಯಾದರೂ ನೇರ ಆಸ್ಪತ್ರೆಗೇ ಹೋಗಬೇಕು. ಈಗ ಹಿಂತಿರುಗಿ ನೋಡಿ. ಆ ರಾತ್ರಿ "ಹಾಲು ಕುಡಿಯಲಿಲ್ಲ" ಎಂದು ತಾಯಿ ಹೇಳಿದ್ದು ಇದೇ ಗುರುತು. ಆ ಮನೆಯಲ್ಲಿ ರೋಗದ ವಿಷಯ ಸರಿಯಾಗಿ ಮಾತಾಡಿದವರು ಅವರೊಬ್ಬರೇ.

ಮೂರನೆಯದು, ಭೇದಿ. ಮಳೆಗಾಲದಲ್ಲಿ ಬಾವಿಯ ನೀರು ಕೆಟ್ಟಾಗ ಇದು ಬಂದೇ ಬರುತ್ತದೆ. ಇಲ್ಲಿ ಚಿಕಿತ್ಸೆ ಮನೆಯಲ್ಲೇ ಆರಂಭವಾಗಬೇಕು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಡಾ. ದಿಲೀಪ್ ಮಹಾಲನಬಿಸ್ ಎಂಬ ವೈದ್ಯರು ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ ಬಹಳ ಮಂದಿಯನ್ನು ಉಳಿಸಿದರು. ಅದೇ ಇಂದಿನ ಓ.ಆರ್.ಎಸ್. ಪೊಟ್ಟಣ. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಇಡೀ ಪೊಟ್ಟಣ ಹಾಕಬೇಕು; ಅರ್ಧರ್ಧ ಹಾಕಬಾರದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಜೊತೆಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಸತುವಿನ ಮಾತ್ರೆಯನ್ನು, ಅಂದರೆ ಜಿಂಕ್ ಮಾತ್ರೆಯನ್ನು, ಭೇದಿ ನಿಂತರೂ 14 ದಿನ ಮುಗಿಸಬೇಕು. ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿ ಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದಕ್ಕೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೊರಡಬೇಕು. ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಲೇ ಹೋಗಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಇಲ್ಲಿ ಮೆಡಿಕಲ್ ಶಾಪಿನ ವಿಷಯ ಒಂದು ಮಾತು. ಕೂಲಿ ಕಳೆಯಬಾರದೆಂದು ನಾವು ಮೊದಲು ಓಡುವುದು ಅಲ್ಲಿಗೇ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಅನೇಕ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ ಬರೆದುಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ ಆಗ ಸೂಚನೆ ಕೊಟ್ಟಿತು. ಅದೇ ವರ್ಷ, ಸರಿಯಾದ ಪ್ರಮಾಣವಿಲ್ಲದ ಸಿಹಿ ಪಾನೀಯಗಳ ಮೇಲೆ ಓ.ಆರ್.ಎಸ್. ಎಂದು ಅಚ್ಚು ಹಾಕುವುದನ್ನೂ ಸರ್ಕಾರ ನಿಲ್ಲಿಸಿತು. ಆದುದರಿಂದ ಅಂಗಡಿಯವರನ್ನು ವೈದ್ಯರನ್ನಾಗಿ ಮಾಡಬೇಡಿ. ಅದು ಅವರಿಗೂ ಕಷ್ಟ, ಮಗುವಿಗೂ ಕಷ್ಟ.

ಸರಿ, ಗುರುತು ಕಂಡಿತು. ಇನ್ನು ಎಲ್ಲಿಗೆ?

ನಮ್ಮ ಊರಿನವರಿಗೆ ಈ ಪ್ರಶ್ನೆ ಇತರರಿಗಿಂತ ಹೆಚ್ಚು ಸಿಕ್ಕಾಗಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಪಡಿತರ ಚೀಟಿ, ನಮ್ಮ ಆರೋಗ್ಯ ಕಾರ್ಡು, ನಮ್ಮ ಆಶಾ ಕಾರ್ಯಕರ್ತೆ ಎಲ್ಲ ಕೇರಳದ್ದು. ಆದರೆ ಬೀಡಿ ಎಲೆ ಬರುವುದು ಮಂಗಳೂರಿನಿಂದ, ನೆಂಟರಿರುವುದು ಮಂಗಳೂರಿನಲ್ಲಿ, ತಲಪಾಡಿ ದಾಟಿದರೆ ಮಂಗಳೂರು ಸಮೀಪ. 1848ರಿಂದ ಇರುವ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೆ ನಮ್ಮ ಅಜ್ಜಂದಿರು ಮದ್ರಾಸ್ ಪ್ರಾಂತ್ಯದ ಕಾಲದಲ್ಲೇ ಹೋಗಿ ಬರುತ್ತಿದ್ದರು. ಮಗು ಮಲಗಿದೊಡನೆ ನಮ್ಮ ಕಾಲು ಉತ್ತರಕ್ಕೆ ತಿರುಗುವುದು ಹಳೆಯ ಅಭ್ಯಾಸ. ಇದರಲ್ಲಿ ತಪ್ಪೇನೂ ಇಲ್ಲ. ದೊಡ್ಡ ಕಾಯಿಲೆಗೆ ದೊಡ್ಡ ಆಸ್ಪತ್ರೆ ಬೇಕೇ ಬೇಕು.

ಆದರೆ ಆ ಅಭ್ಯಾಸವನ್ನೇ ನಂಬಿ ಕೂತರೆ ಏನಾಗುತ್ತದೆಂದು 2020ರಲ್ಲಿ ಕಂಡೆವು. ಆ ಮಾರ್ಚ್ ತಿಂಗಳಲ್ಲಿ ಕೊರೊನಾ ಭಯದಿಂದ ಕರ್ನಾಟಕವು ಗಡಿಯ ದಾರಿಗಳನ್ನು ಮುಚ್ಚಿತು. ಕೆಲವು ಕಡೆ ರಸ್ತೆಯ ಮೇಲೆ ಮಣ್ಣು ಸುರಿದರು. ರೋಗಿಗಳಿದ್ದ ಆಂಬುಲೆನ್ಸ್‌ಗಳು ತಲಪಾಡಿಯಿಂದ ಹಿಂತಿರುಗಿದವು. ಚಿಕಿತ್ಸೆ ಸಿಗದೆ ಈ ಜಿಲ್ಲೆಯಲ್ಲಿ ಸಾವುಗಳಾದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಬೇಕೆಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಬಿಡುವ ಬಗ್ಗೆ ಒಪ್ಪಂದವಾಗಿ ಏಪ್ರಿಲ್ 7ರಂದು ಅಲ್ಲಿ ಮೊಕದ್ದಮೆ ಮುಗಿಯಿತು. ಅದೇ ಏಪ್ರಿಲ್‌ನಲ್ಲಿ ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಅವಸರದಲ್ಲಿ ಕೊರೊನಾ ಆಸ್ಪತ್ರೆಯಾಗಿ ತೆರೆದರು. ಆ ದಿನಗಳಲ್ಲಿ ನಮ್ಮಲ್ಲಿ ಅನೇಕರು ಕಾಸರಗೋಡಿನ ಜನರಲ್ ಆಸ್ಪತ್ರೆಯ ಬಾಗಿಲನ್ನು ಮೊದಲ ಸಲ ನೋಡಿದೆವು. ಐವತ್ತು ವರ್ಷ ಬದುಕಿದ ಜಿಲ್ಲೆಯ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ಎಲ್ಲಿದೆಯೆಂದು ಕೇಳಿ ತಿಳಿಯಬೇಕಾಯಿತು!

ಇದರಿಂದ ನಾವು ಕಲಿತ ಪಾಠ ಇಷ್ಟೇ. ಕಡಿಮೆಯೆಂದರೆ ಗಡಿಯ ಎರಡೂ ಕಡೆ ಒಂದೊಂದು ಬಾಗಿಲು ಗೊತ್ತಿರಬೇಕು. ಅದನ್ನು ಮಗು ಚೆನ್ನಾಗಿರುವಾಗ, ಹಗಲಿನಲ್ಲಿ ಹೋಗಿ ನೋಡಿ ಬರಬೇಕು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ಪ್ರಶ್ನೆ ಕೇಳಿ. ರಾತ್ರಿ ಡಾಕ್ಟರು ಇರುತ್ತಾರೆಯೇ? ಆಮ್ಲಜನಕ ಉಂಟೇ? ಮಕ್ಕಳ ಡಾಕ್ಟರು ಯಾವ ದಿನ ಬರುತ್ತಾರೆ? ಇಲ್ಲ ಎಂದಾದರೆ ಇದೆಲ್ಲ ಇರುವ ಅತಿ ಹತ್ತಿರದ ಸ್ಥಳ ಯಾವುದು ಎಂದು ಅವರನ್ನೇ ಕೇಳಿ. ಆ ಉತ್ತರವನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ.

ಅಪಾಯದ ಗುರುತು ಕಂಡ ಮಗುವನ್ನು ಮೊದಲು ಕರೆದೊಯ್ಯಬೇಕಾದದ್ದು ಆ ಅತಿ ಹತ್ತಿರದ ಸ್ಥಳಕ್ಕೇ. ಅಲ್ಲಿಂದ ಮುಂದಕ್ಕೆ ಕಳಿಸುತ್ತಾರೆ ಎಂಬುದು ಆ ಬಾಗಿಲನ್ನು ಬಿಟ್ಟು ಹೋಗಲು ಕಾರಣವಾಗಬಾರದು. ಅವರು ಆಮ್ಲಜನಕ ಕೊಟ್ಟು, ಫಿಟ್ಸ್ ನಿಲ್ಲಿಸಿ, ಔಷಧದ ಮೊದಲ ಡೋಸ್ ಕೊಟ್ಟು, ಚೀಟಿ ಬರೆದು ಕಳಿಸಿದರೆ ಮುಂದಿನ ದಾರಿ ಮಗುವಿಗೆ ಸಹ್ಯವಾಗುತ್ತದೆ. ದೊಡ್ಡ ಆಸ್ಪತ್ರೆಯ ಡಾಕ್ಟರಿಗೂ ಆ ಚೀಟಿಯಿಂದ ಕೆಲಸ ಹಗುರ. ನಾವು 2018ರ ಆ ರಾತ್ರಿ ಆ ದೀಪದ ಮುಂದೆ ನಿಲ್ಲಿಸಿದ್ದರೆ ಹತ್ತು ಹದಿನೈದು ನಿಮಿಷ ಹೋಗುತ್ತಿತ್ತು. ಮಗುವಿನ ತುಟಿ ನೀಲಿಯಾಗುವ ಮೊದಲೇ ಆಮ್ಲಜನಕ ಸಿಗಬಹುದಾಗಿತ್ತು.

ಅದಿರಲಿ, ನಾವು ತಡ ಮಾಡುವುದು ತಿಳಿಯದೆ ಮಾತ್ರವೇ? ನಮ್ಮನ್ನು ಕಟ್ಟಿಹಾಕುವ ಬೇರೆ ಕಾರಣಗಳೂ ಉಂಟು. ಅವನ್ನು ಬಾಯಿಬಿಟ್ಟು ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ.

ಒಂದು, ಭಾಷೆ. "ನಮ್ಮ ಮಾತು ತಿಳಿಯುವಲ್ಲಿಗೆ ಹೋಗುವ" ಎಂದು ತಾಯಂದಿರು ಹೇಳುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಮೀನು ಕೊಳ್ಳುವಷ್ಟು ಮಲಯಾಳ ಎಲ್ಲರಿಗೂ ಬರುತ್ತದೆ. ಮಗುವಿನ ನೋವು ಹೇಳುವಷ್ಟು ಬರುವುದಿಲ್ಲ. ದಕ್ಷಿಣದ ಜಿಲ್ಲೆಗಳಿಂದ ಬಂದ ಡಾಕ್ಟರಿಗೆ ನಮ್ಮ ಕನ್ನಡ ತುಳು ಬರುವುದಿಲ್ಲ. ಇದು ನಿಜವಾದ ಕಷ್ಟ, ಸೋಗು ಅಲ್ಲ. ಆದರೆ ಆರು ಮಾತು ಕಲಿತರೆ ಮೊದಲ ಗಳಿಗೆ ದಾಟಬಹುದು. ಜ್ವರಕ್ಕೆ ಪನಿ, ಕೆಮ್ಮಿಗೆ ಚುಮ, ವಾಂತಿಗೆ ಛರ್ದಿ, ಭೇದಿಗೆ ವಯರಿಳಕ್ಕಂ, ಫಿಟ್ಸಿಗೆ ಅಪಸ್ಮಾರಂ, ಉಸಿರು ಕಟ್ಟುವುದಕ್ಕೆ ಶ್ವಾಸಂ ಮುಟ್ಟಲ್. ಗೋಡೆಯ ಆ ಕಾಗದದಲ್ಲಿಯೇ ಇವನ್ನೂ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳು ಇದನ್ನು ತಾಯಿಗೆ ಕಲಿಸಲಿ. ಮಲಯಾಳ ಚೆನ್ನಾಗಿ ಬಲ್ಲ ನಮ್ಮ ಕೂಟದವರು ಯಾವ ಹೊತ್ತಿಗೂ ಫೋನಿನಲ್ಲಿ ಮಾತಾಡಿಕೊಡುವುದಾಗಿ ಒಪ್ಪಬೇಕು. ಈ ಕೂಟ ಮುಗಿಯುವ ಮೊದಲು ಅಂಥ ಮೂವರ ಹೆಸರು ನಮಗೆ ಬೇಕು.

ಎರಡು, ಹಣ. ರಾತ್ರಿ ಹೊತ್ತು ಗಾಡಿಗೆ, ಅಡ್ವಾನ್ಸಿಗೆ ಎಲ್ಲಿಂದ ತರುವುದು? ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರಿನಲ್ಲಿ ಬಂತು. ಕೇರಳದಲ್ಲಿ ಅದು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯೊಂದಿಗೆ ಸೇರಿ ನಡೆಯುತ್ತದೆ. ಕಾರ್ಡಿದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಒಳರೋಗಿ ಚಿಕಿತ್ಸೆಗೆ ಅದು ನೆರವಾಗುತ್ತದೆ. ಯೋಜನೆಯ ನಿಯಮದಂತೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿಯೂ ಕಾರ್ಡು ನಡೆಯಬೇಕು. ಆದರೆ ಯಾವ ಆಸ್ಪತ್ರೆ ನೋಂದಾಯಿತ, ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ನಿಮ್ಮ ಕಾರ್ಡನ್ನು ಈ ವಾರವೇ ತೆಗೆದು ನೋಡಿ. ತಂದೆ, ತಾಯಿ, ಅಜ್ಜಿ ಎಲ್ಲರ ಹೆಸರೂ ಇದ್ದು ಹೊಸ ಮಗುವಿನ ಹೆಸರು ಮಾತ್ರ ಇಲ್ಲದ ಮನೆಗಳನ್ನು ನಾವು ಕಂಡಿದ್ದೇವೆ. ಹುಟ್ಟಿನಿಂದ ಹೃದಯದ ದೋಷವಿರುವ ಮಕ್ಕಳಿಗೆ ಕೇರಳ ಸರ್ಕಾರದ ಹೃದ್ಯಂ ಎಂಬ ಯೋಜನೆ 2017ರಿಂದ ಉಂಟು. ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸುವ ಕೇಂದ್ರದ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಆ ಪರೀಕ್ಷೆಯ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಬೀಡಿ ಕಾರ್ಮಿಕರಿಗಾಗಿ 1976ರ ಕಾನೂನಿನಂತೆ ಕಲ್ಯಾಣ ನಿಧಿ ಏರ್ಪಟ್ಟು ಔಷಧಾಲಯಗಳು ಬಂದವು. ಆ ನಿಧಿಗೆ ಬರುತ್ತಿದ್ದ ಬೀಡಿ ಸೆಸ್ಸು 2017ರಲ್ಲಿ ಜಿ.ಎಸ್.ಟಿ. ಬಂದಾಗ ನಿಂತುಹೋಯಿತು. ನಮ್ಮ ಬೆರಳಿನಿಂದ ಹುಟ್ಟಿದ ಹಣದಲ್ಲಿ ನಮ್ಮ ಮಕ್ಕಳ ಔಷಧಕ್ಕೆಂದು ಮೀಸಲಾದ ಆ ಪಾಲು ಹೋದದ್ದನ್ನು ನಾವು ಮರೆಯಬಾರದು, ಕೇಳುವುದನ್ನು ನಿಲ್ಲಿಸಲೂ ಬಾರದು. ಗುರುತಿನ ಚೀಟಿ ಇರುವವರು ಅದನ್ನು ಜೋಪಾನವಾಗಿಡಿ.

ಮೂರು, ಮರ್ಯಾದೆಯ ಅಂಜಿಕೆ. ಸಣ್ಣ ಜ್ವರಕ್ಕೆ ಊರನ್ನೆಲ್ಲ ಎಬ್ಬಿಸಿದರು ಎಂದು ಜನ ನಕ್ಕಾರೆಂಬ ಭಯ. ಸರ್ಕಾರಿ ಆಸ್ಪತ್ರೆಗೆ ಹೋದರೆ ಬಡವರು ಎಂದಾರೆಂಬ ಭಯ. ಸುವಾರ್ತೆಯಲ್ಲಿ ಬರುವ ಯಾಯೀರನು ಸಭಾಮಂದಿರದ ಅಧಿಕಾರಿ, ಊರಿನಲ್ಲಿ ಮಾನವಂತ. ಮಗಳು ಸಾಯುವ ಸ್ಥಿತಿಗೆ ಬಂದಾಗ ಅವನು ಮನೆಯಲ್ಲಿ ಕೂತು ಆಲೋಚಿಸಲಿಲ್ಲ; ಎದ್ದು ಹೋಗಿ ಎಲ್ಲರೆದುರು ಕಾಲಿಗೆ ಬಿದ್ದನು. ಪ್ರಾರ್ಥನೆ ಬೇಡವೆಂದು ನಾವು ಹೇಳುತ್ತಿಲ್ಲ. ಗಾಡಿಯಲ್ಲಿ ಕೂತು ಪ್ರಾರ್ಥಿಸಬಹುದು, ವಾರ್ಡಿನ ಹೊರಗೆ ನಿಂತು ಪ್ರಾರ್ಥಿಸಬಹುದು. ಅಪಾಯದ ಗುರುತು ಕಂಡ ಮೇಲೆ ಮನೆಯಲ್ಲಿ ಕೂತು ಮಾಡುವ ಪ್ರಾರ್ಥನೆಯಲ್ಲಿ ನಮ್ಮ ಸೋಮಾರಿತನವೂ ಸೇರಿರಬಹುದು. ಆ ರಾತ್ರಿ ಸೇರಿತ್ತೆಂದು ನಾವು ಒಪ್ಪುತ್ತೇವೆ.

ಇನ್ನು ಊರಿನ ಡಾಕ್ಟರ ವಿಷಯ. ದೊಡ್ಡ ಆಸ್ಪತ್ರೆಯ ಹೆಸರು ಕೇಳಿ ನಾವು ಸಣ್ಣ ಕ್ಲಿನಿಕ್ಕನ್ನು ತಾತ್ಸಾರ ಮಾಡುತ್ತೇವೆ. ಆದರೆ ವರ್ಷವಿಡೀ ನಮ್ಮ ಮನೆಗಳನ್ನು ಕಂಡವರು ಹೇಳಬಲ್ಲದ್ದನ್ನು ಒಮ್ಮೆ ಕಂಡವರು ಹೇಳಲಾರರು. ಇದೇ ಜಿಲ್ಲೆಯ ಪಡ್ರೆ ಗ್ರಾಮದ ವಾಣಿನಗರದಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ಎಂಬವರು ಸಾಮಾನ್ಯ ವೈದ್ಯರಾಗಿದ್ದರು. ಒಂದೇ ಊರಿನ ಮನೆಮನೆಯಲ್ಲಿ ಬುದ್ಧಿ ಬೆಳೆಯದ, ಅಂಗ ಬೆಳೆಯದ ಮಕ್ಕಳನ್ನು ಕಂಡು, ಇದು ಯಾಕೆ ಹೀಗೆ ಎಂದು ಮೊದಲು ಕೇಳಿದವರಲ್ಲಿ ಅವರೂ ಒಬ್ಬರು. ಪತ್ರಕರ್ತ ಶ್ರೀಪಡ್ರೆಯವರೂ ಅದನ್ನೇ ಕೇಳಿ ಬರೆದರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದದ್ದು 2000ದವರೆಗೂ ನಡೆದಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು. ಆ ಮಕ್ಕಳನ್ನು ಒಬ್ಬೊಬ್ಬರಾಗಿ ಬೇರೆ ಬೇರೆ ಪಟ್ಟಣಗಳಿಗೆ ಕೊಂಡುಹೋಗಿದ್ದರೆ ಒಬ್ಬೊಬ್ಬರದೂ ಒಂದೊಂದು ಮನೆಯ ದುರದೃಷ್ಟವಾಗಿ ಉಳಿಯುತ್ತಿತ್ತು. ಊರಿನಲ್ಲೇ ಕೂತು ಎಲ್ಲರನ್ನೂ ಕಂಡ ಕಣ್ಣಿಗೆ ಅದು ಊರಿನ ಸಂಕಟವೆಂದು ತಿಳಿಯಿತು. ಆದುದರಿಂದ ಕಾಯಿಲೆ ಸಣ್ಣದಿರುವಾಗ ಒಬ್ಬರೇ ಡಾಕ್ಟರಲ್ಲಿ ತೋರಿಸುವ ಅಭ್ಯಾಸವಿರಲಿ. ಎರಡು ದಿನಕ್ಕೊಬ್ಬ ಡಾಕ್ಟರನ್ನು ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯ ಚೀಟಿಗಳೊಂದಿಗೆ ಹೋಗಿ.

ಕೊನೆಗೆ ನಮ್ಮ ಕೂಟ ಮಾಡಬೇಕಾದ ಕೆಲಸ. ಮೂರು ಪ್ರಸ್ತಾಪಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದಾಗಿ, ಐದು ವರ್ಷದೊಳಗಿನ ಮಕ್ಕಳಿರುವ ಪ್ರತಿ ಮನೆಗೆ ಮಳೆಗಾಲಕ್ಕೆ ಮುಂಚೆ ಒಂದು ಚೀಲ. ಅದರಲ್ಲಿ ಚುಚ್ಚುಮದ್ದಿನ ಕಾರ್ಡು, ಆರೋಗ್ಯ ಕಾರ್ಡಿನ ನಕಲು, ಹಳೆಯ ಚೀಟಿಗಳು, ಎರಡು ಓ.ಆರ್.ಎಸ್. ಪೊಟ್ಟಣ. ಕೊಟ್ಟ ಔಷಧ ಯಾವುದಿದ್ದರೂ ಹೊರಡುವಾಗ ಅದೇ ಚೀಲಕ್ಕೆ.

ಎರಡನೆಯದಾಗಿ, ರಾತ್ರಿ ಗಾಡಿಗೆಂದು ಒಂದು ಡಬ್ಬಿ. ಪ್ರತಿ ಕೂಟದಲ್ಲಿ ಕೈಲಾದದ್ದನ್ನು ಹಾಕುವುದು. ಅದರಿಂದ ತೆಗೆದದ್ದು ಸಾಲವಲ್ಲ; ಯಾರೂ ಹಿಂದೆ ಕೇಳಬಾರದು. 108ಕ್ಕೆ ಮೊದಲು ಕರೆ ಮಾಡಿ, ಅದು ಉಚಿತ. ಆದರೆ ಗಡಿಯ ಸಮೀಪ ಇರುವವರು ಯಾವ ರಾಜ್ಯದ ಕಚೇರಿ ಮಾತಾಡುತ್ತಿದೆ ಎಂದು ಕೇಳಿ, ಊರಿನ ಹೆಸರು, ಪಂಚಾಯತು, ಜಿಲ್ಲೆ ಸ್ಪಷ್ಟವಾಗಿ ಹೇಳಬೇಕು. ಗಾಡಿ ತಡವೆಂದರೆ ಡಬ್ಬಿಯ ಹಣದಲ್ಲಿ ರಿಕ್ಷಾ ಹಿಡಿಯಿರಿ.

ಮೂರನೆಯದಾಗಿ, ನಮ್ಮ ಮಂಡಳಿಗೆ ಒಂದು ನಿಯಮ. ಇನ್ನು ಮುಂದೆ ಕಾಯಿಲೆಯ ಮನೆಗೆ ಹೋದಾಗ ನಾವು ಮೊದಲು ಮಾತಾಡುವುದಿಲ್ಲ. ಮೊದಲು ತಾಯಿ ಮಾತಾಡಬೇಕು. ಆಮೇಲೆ ನಮ್ಮಲ್ಲಿ ಒಬ್ಬರು ಉಸಿರು ಎಣಿಸಬೇಕು. ಅಷ್ಟು ಮುಗಿಯುವ ಮೊದಲು ಯಾವ ಆಸ್ಪತ್ರೆಯ ಹೆಸರನ್ನೂ ಯಾರೂ ಎತ್ತಬಾರದು.

2018ರ ಆ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಅವನಿಗೊಬ್ಬಳು ತಂಗಿ ಹುಟ್ಟಿದಳು. ಒಂದು ಮಳೆಗಾಲದ ರಾತ್ರಿ ಅವಳಿಗೆ ಉಸಿರು ಹೆಚ್ಚಾಯಿತೆಂದು ಸುದ್ದಿ ಕೇಳಿ ನಾವು ಛತ್ರಿ ಹಿಡಿದು ಓಡಿದೆವು. ಬಾಗಿಲಿಗೆ ಚಿಲಕ ಹಾಕಿತ್ತು. ಅಜ್ಜಿ ಪಕ್ಕದ ಮನೆಯ ಜಗಲಿಯಿಂದ ಕೂಗಿ ಹೇಳಿದರು: "ಅವರು ಆಗಲೇ ಹೋಗಿಯಾಯಿತು. ಐವತ್ತೆಂಟು ಎಣಿಸಿದಳಂತೆ. ಹತ್ತಿರದ ಆಸ್ಪತ್ರೆಯಲ್ಲೇ ಗಾಳಿ ಕೊಟ್ಟು ಮಲಗಿಸಿದ್ದಾರಂತೆ." ಮೂರನೆಯ ದಿನ ಆ ಮಗು ಮನೆಗೆ ಬಂತು. ಗಡಿ ದಾಟಬೇಕಾಗಲಿಲ್ಲ. ಸರ ಕುತ್ತಿಗೆಯಲ್ಲೇ ಉಳಿಯಿತು.

ಚಿಲಕ ಹಾಕಿದ ಆ ಬಾಗಿಲಿನ ಮುಂದೆ ನಿಂತು ನಾವು ಐವರೂ ದೇವರಿಗೆ ಸ್ತೋತ್ರ ಹೇಳಿದೆವು. ನಮ್ಮ ಕೂಟದ ಪ್ರತಿ ಮನೆಯಲ್ಲೂ ಹಾಗೆಯೇ ಆಗಲಿ. ನಾವು ಓಡಿಬರುವಷ್ಟರಲ್ಲಿ ನೀವು ಹೊರಟುಹೋಗಿರಿ. ಈಗ ಆ ಮೂವರ ಹೆಸರು ಹೇಳಿ. ಡಬ್ಬಿ ಬಾಗಿಲಲ್ಲಿದೆ.